ಸ್ತನ ಪುನರ್ನಿರ್ಮಾಣ ಶಸ್ತ್ರಚಿಕಿತ್ಸೆ: ಪೂರ್ವಸಿದ್ಧತೆ ಮತ್ತು ಮನೆಯ ಆರೈಕೆ

ನಮ್ಮ ಸದ್ಭಕ್ತರ ಮನೆಗಳಲ್ಲಿ ಕ್ಯಾನ್ಸರ್ ಎಂಬ ಮಾತನ್ನು ಇಂದಿಗೂ ದನಿ ತಗ್ಗಿಸಿಯೇ ಆಡುತ್ತಾರೆ. ಅದು ಸ್ತನದ ಕ್ಯಾನ್ಸರ್ ಆದರಂತೂ ಅತ್ತೆ ಸೊಸೆಗೆ ಹೇಳುವುದಿಲ್ಲ, ತಾಯಿ ಮಗನಿಗೆ ಹೇಳುವುದಿಲ್ಲ. ಭಾರತದಲ್ಲಿ 2022ನೇ ಇಸವಿ ಒಂದರಲ್ಲೇ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳ್ಳಿಗಳೂ ಇದಕ್ಕೆ ಹೊರತಲ್ಲ. ಹಿಂದೆ ರೋಗಪೀಡಿತ ಸ್ತನವನ್ನು ತೆಗೆದುಹಾಕಿದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಈಗ ತೆಗೆದ ಸ್ತನದ ಸ್ಥಾನದಲ್ಲಿ ಮತ್ತೊಂದನ್ನು ರೂಪಿಸುವ ಶಸ್ತ್ರಚಿಕಿತ್ಸೆಯನ್ನು ನಮ್ಮ ಕಡೆಯ ತಾಯಂದಿರೂ ಬೆಂಗಳೂರು, ಮೈಸೂರುಗಳಿಗೆ ಹೋಗಿ ಮಾಡಿಸಿಕೊಂಡು ಬರುತ್ತಿದ್ದಾರೆ.

ಈ ಶಸ್ತ್ರಚಿಕಿತ್ಸೆಯನ್ನು ಮಾಡುವವರು ಪ್ಲಾಸ್ಟಿಕ್ ಸರ್ಜನ್‌ರು. ಆಯುರ್ವೇದ ವೈದ್ಯನಿಗೆ ಇಲ್ಲಿ ಏನು ಕೆಲಸವೆಂದು ಓದುಗರು ಕೇಳಬಹುದು. ಆಸ್ಪತ್ರೆಯಿಂದ ಊರಿಗೆ ಮರಳಿದ ಮೇಲೆ, "ಗಾಯಕ್ಕೆ ಯಾವ ಎಣ್ಣೆ ಹಚ್ಚಬೇಕು, ಎಷ್ಟು ದಿನ ಶಾಖ ಕೊಡಬೇಕು, ಯಾವುದು ನಂಜು, ಏನು ಪಥ್ಯ" ಎಂದು ಮನೆಯವರು ಮೊದಲು ಕೇಳಲು ಬರುವುದು ನನ್ನಂಥವರ ಬಳಿಗೇ. ಆ ಪ್ರಶ್ನೆಗಳಿಗೆ ಬಹುಮಟ್ಟಿಗೆ "ಬೇಡ" ಎಂಬ ಉತ್ತರವನ್ನೇ ಕೊಡಬೇಕಾಗುತ್ತದೆ. ಅದೇಕೆ ಬೇಡವೆಂಬುದನ್ನು ಸಾವಕಾಶವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಆಕ್ಷೇಪವನ್ನು ಪರಿಹರಿಸಿಕೊಳ್ಳೋಣ. "ಜೀವ ಉಳಿಯಿತಲ್ಲ, ಐವತ್ತು ದಾಟಿದ ಮೇಲೆ ಇನ್ನು ಅಂದಚಂದ ಏಕೆ?" ಎಂದು ಮನೆಯ ಹಿರಿಯರು ಕೇಳುವುದುಂಟು. ದೇಹಭಾವವನ್ನೇ ತೊರೆದ ಅಕ್ಕಮಹಾದೇವಿಯ ಹೆಸರನ್ನು ಉದಾಹರಿಸುವವರೂ ಇದ್ದಾರೆ. ಅಕ್ಕನ ವೈರಾಗ್ಯ ಅಕ್ಕನೇ ಆಯ್ದುಕೊಂಡದ್ದು. ಅದನ್ನು ಮತ್ತೊಬ್ಬ ಹೆಣ್ಣುಮಗಳ ಮೇಲೆ ಹೇರುವ ಅಧಿಕಾರ ಯಾರಿಗೂ ಇಲ್ಲ. ಒಂದು ಕಡೆ ಭಾರ ತಪ್ಪಿದಾಗ ಹೆಗಲು, ಬೆನ್ನು ನೋಯುತ್ತವೆ. ರವಿಕೆ ಒಂದು ಬದಿಗೆ ಎಳೆಯುತ್ತದೆ. ಮದುವೆ ಮನೆಯಲ್ಲಿ ಸೆರಗನ್ನು ಮತ್ತೆ ಮತ್ತೆ ಸರಿಪಡಿಸಿಕೊಳ್ಳುತ್ತ ಕೂರುವ ತಾಯಿಯ ಸಂಕಟ ಅವಳಿಗೇ ಗೊತ್ತು. ಹಾಗೆಯೇ, ಪುನರ್ನಿರ್ಮಾಣ ಬೇಡವೆಂದು ನಿರ್ಧರಿಸಿ, ರವಿಕೆಯೊಳಗೆ ಇಟ್ಟುಕೊಳ್ಳುವ ಬಟ್ಟೆಯ ಅಥವಾ ಸಿಲಿಕೋನ್‌ನ ಕೃತಕ ಸ್ತನದಿಂದಲೇ ತೃಪ್ತರಾಗಿರುವವರೂ ಬಹಳ ಮಂದಿ. ಎರಡೂ ಸರಿ. ಆದರೆ ಆಯ್ಕೆ ಅವಳದಾಗಿರಬೇಕು.

ಜೀವವಿರುವ ಮಾಂಸ

ಈ ವಿದ್ಯೆಯ ಮೂಲತತ್ತ್ವ ನಮಗೆ ಹೊಸದೇನಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯದಲ್ಲಿ ಹರಿದ ಕಿವಿಯನ್ನೂ ಕತ್ತರಿಸಿಹೋದ ಮೂಗನ್ನೂ ಮತ್ತೆ ರೂಪಿಸುವ ವಿಧಾನವಿದೆ. ಮೂಗಿನ ಅಳತೆಗೆ ಒಂದು ಎಲೆಯನ್ನು ಕತ್ತರಿಸಿಕೊಂಡು, ಅದರ ಪ್ರಮಾಣದಲ್ಲಿ ಕೆನ್ನೆಯ ಮಾಂಸವನ್ನು ಬಿಡಿಸಿ ಜೋಡಿಸಬೇಕೆಂದು ಆಚಾರ್ಯರು ಹೇಳುತ್ತಾರೆ. ಆ ಮಾಂಸವು ಸಾನುಬಂಧವಾಗಿರಬೇಕು, ಅಂದರೆ ಬುಡದ ಸಂಬಂಧ ಕಡಿಯದೆ ಜೀವಂತವಾಗಿರಬೇಕು ಎಂಬುದು ಅಲ್ಲಿನ ಮುಖ್ಯ ಸೂಚನೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೋವಾಸ್ಜಿ ಎಂಬಾತ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಅನಂತರ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬ ನಾಟಿ ವೈದ್ಯ ಹಣೆಯ ಚರ್ಮವನ್ನು ಬುಡ ಕಡಿಯದೆ ತಿರುಗಿಸಿ ಅವನಿಗೆ ಹೊಸ ಮೂಗು ಕಟ್ಟಿದ. ಆ ವೃತ್ತಾಂತ 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಅಚ್ಚಾಯಿತು. ಅದರಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಕ್ರಮದಲ್ಲಿ ಶಸ್ತ್ರಕ್ರಿಯೆ ಮಾಡಿದ.

ಸುಶ್ರುತರೇ ಸ್ತನ ಪುನರ್ನಿರ್ಮಾಣ ಮಾಡುತ್ತಿದ್ದರೆಂದು ಇದರಿಂದ ಎದೆಯುಬ್ಬಿಸಿ ಹೇಳಬೇಕಾಗಿಲ್ಲ, ಅವರು ಮಾಡಲಿಲ್ಲ. ಅದು ಇಟಲಿಯ ತಾನ್ಸಿನಿ 1906ರ ಸುಮಾರಿಗೆ ಬೆನ್ನಿನ ಸ್ನಾಯುವನ್ನು ಎದೆಗೆ ತಿರುಗಿಸಿದಲ್ಲಿಂದ ಮೊದಲಾಗಿ, 1962ರಲ್ಲಿ ಅಮೆರಿಕದಲ್ಲಿ ಸಿಲಿಕೋನ್ ಚೀಲದ ಬಳಕೆ, 1982ರಲ್ಲಿ ಹಾರ್ಟ್ರಾಂಫ್ ಪ್ರಕಟಿಸಿದ ಹೊಟ್ಟೆಯ ಮಾಂಸದ ವಿಧಾನ, ಹೀಗೆ ಬೆಳೆದುಬಂದದ್ದು. ಆದರೆ ತತ್ತ್ವ ಅದೇ: ಸ್ಥಳ ಬದಲಿಸಿದ ಮಾಂಸ ಬದುಕುವುದು ಅದಕ್ಕೆ ಹರಿದುಬರುವ ರಕ್ತದಿಂದ ಮಾತ್ರ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ವಿಧಿನಿಷೇಧಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಇಂದು ಪ್ರಚಲಿತವಿರುವುದು ಮುಖ್ಯವಾಗಿ ಮೂರು ಬಗೆ. ಎದೆಯ ಚರ್ಮದ ಅಥವಾ ಸ್ನಾಯುವಿನ ಕೆಳಗೆ ಸಿಲಿಕೋನ್ ಇಂಪ್ಲಾಂಟ್ ಇಡುವುದು ಮೊದಲನೆಯದು. ಚರ್ಮ ಸಾಲದಿದ್ದರೆ ಮೊದಲು ಒಂದು ಖಾಲಿ ಚೀಲವಿಟ್ಟು, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಲವಣಜಲ ತುಂಬಿ ಚರ್ಮವನ್ನು ಹಿಗ್ಗಿಸುತ್ತಾರೆ. ಬೆನ್ನಿನ ಸ್ನಾಯುವನ್ನು ಅದರ ರಕ್ತನಾಳದ ಸಮೇತ ಕಂಕುಳಿನ ಮೂಲಕ ಮುಂದಕ್ಕೆ ತರುವುದು ಎರಡನೆಯದು. ಕೆಳಹೊಟ್ಟೆಯ ಚರ್ಮ ಮತ್ತು ಕೊಬ್ಬನ್ನು ಬಳಸುವುದು ಮೂರನೆಯದು. ಇದರಲ್ಲಿ ಒಮ್ಮೊಮ್ಮೆ ಮಾಂಸವನ್ನು ಪೂರ್ತಿ ಬೇರ್ಪಡಿಸಿ, ಅದರ ಎಳೆಯಂಥ ರಕ್ತನಾಳಗಳನ್ನು ಎದೆಮೂಳೆಯ ಪಕ್ಕದ ನಾಳಗಳಿಗೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯುತ್ತಾರೆ. ಇಂಪ್ಲಾಂಟ್‌ನ ಶಸ್ತ್ರಕ್ರಿಯೆ ಚಿಕ್ಕದು, ಆದರೆ ಅದು ಆಜೀವಪರ್ಯಂತದ್ದಲ್ಲ, ಮುಂದೆ ಬದಲಿಸಬೇಕಾಗಬಹುದು. ವಿಕಿರಣ ಚಿಕಿತ್ಸೆ ಪಡೆದ ಎದೆಯಲ್ಲಿ ಇಂಪ್ಲಾಂಟ್‌ನ ಸುತ್ತ ಗಟ್ಟಿ ಪೊರೆ ಕಟ್ಟಿಕೊಳ್ಳುವ ಸಂಭವವೂ ಹೆಚ್ಚು. ಆದ್ದರಿಂದ ವಿಕಿರಣ ಬೇಕಾಗುವವರಿಗೆ ಸ್ವಂತ ಮಾಂಸವನ್ನೇ ಬಳಸುವಂತೆ, ಅದೂ ವಿಕಿರಣ ಮುಗಿದು ಕೆಲವು ತಿಂಗಳಾದ ಮೇಲೆ ಮಾಡಿಸಿಕೊಳ್ಳುವಂತೆ ಅನೇಕ ವೈದ್ಯರು ಸಲಹೆ ನೀಡುತ್ತಾರೆ. ಯಾವ ಬಗೆಯೇ ಆಗಲಿ, ಕ್ಯಾನ್ಸರ್ ಚಿಕಿತ್ಸೆಗೇ ಅಗ್ರಸ್ಥಾನ. ಪುನರ್ನಿರ್ಮಾಣಕ್ಕಾಗಿ ಕಿಮೊಥೆರಪಿಯನ್ನು ಮುಂದೂಡುವ ಪರಿಸ್ಥಿತಿ ಬಂದರೆ ಪುನರ್ನಿರ್ಮಾಣವೇ ಕಾಯಲಿ. ವರ್ಷಗಳು ಕಳೆದ ಮೇಲೂ ಅದನ್ನು ಮಾಡಿಸಿಕೊಳ್ಳಬಹುದು.

ಒಂದು ತಿಂಗಳ ಸಿದ್ಧತೆ

ಮೊದಲ ಮಾತು ಹೊಗೆಸೊಪ್ಪಿನದು. ಅರಕಲಗೂಡು ತಾಲ್ಲೂಕು ಹೊಗೆಸೊಪ್ಪಿನ ಸೀಮೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯೇ ಇದೆ. ನಮ್ಮ ಹೆಂಗಸರು ಬೀಡಿ ಸಿಗರೇಟು ಸೇದುವುದು ಕಡಮೆ, ನಿಜ. ಆದರೆ ಎಲೆಅಡಿಕೆಯ ಜೊತೆಗೆ ಒಂದು ಚೂರು ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ದವಡೆಗೆ ಒತ್ತಿಕೊಳ್ಳುವ ಅಭ್ಯಾಸ ಎಷ್ಟು ಮಂದಿಗಿದೆ ಎಂಬುದನ್ನು ನಾನು ಬರೆಯಬೇಕಾಗಿಲ್ಲ. ಆಸ್ಪತ್ರೆಯಲ್ಲಿ "ನೀವು ಸೇದುತ್ತೀರಾ?" ಎಂದು ಕೇಳಿದರೆ "ಇಲ್ಲ" ಎನ್ನುತ್ತಾರೆ, ಅಗಿಯುವುದನ್ನು ಹೇಳುವುದೇ ಇಲ್ಲ. ಸೇದಿದರೂ ಅಗಿದರೂ ನಿಕೋಟಿನ್ ನಿಕೋಟಿನ್ನೇ. ಅದು ಕೂದಲೆಳೆಯಷ್ಟು ಸಣ್ಣ ರಕ್ತನಾಳಗಳನ್ನು ಸಂಕುಚಿಸುತ್ತದೆ. ಹೊಸದಾಗಿ ಜೋಡಿಸಿದ ಮಾಂಸಕ್ಕೆ ರಕ್ತ ಸಾಲದೆ ಅಂಚುಗಳು ಕಪ್ಪಾಗಿ ಸಾಯುತ್ತವೆ. ಶಸ್ತ್ರಚಿಕಿತ್ಸೆಗೆ ಕನಿಷ್ಠ ನಾಲ್ಕು ವಾರ ಮೊದಲೇ ಇದನ್ನು ಪೂರ್ಣವಾಗಿ ಬಿಡಬೇಕು, ಅನಂತರವೂ ಮುಟ್ಟಬಾರದು. ಒಂದೇ ಕೋಣೆಯಲ್ಲಿ ಮಲಗುವ ಯಜಮಾನರೂ ಬೀಡಿಯನ್ನು ಹೊರಗಿಡಬೇಕು.

ಎರಡನೆಯದು ನಮ್ಮದೇ ಔಷಧಿಗಳು. "ಆಯುರ್ವೇದವಲ್ಲವೇ, ಅದರಿಂದೇನು ತೊಂದರೆ?" ಎಂಬ ಧೈರ್ಯ ಇಲ್ಲಿ ಅಪಾಯಕಾರಿ. ಔಷಧ ಪ್ರಮಾಣದಲ್ಲಿ ಸೇವಿಸುವ ಬೆಳ್ಳುಳ್ಳಿ, ಅರಿಶಿನದ ಕ್ಯಾಪ್ಸೂಲ್, ಗುಗ್ಗುಳು ಸೇರಿದ ಗುಳಿಗೆಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಹುದು. ಯಷ್ಟಿಮಧು ರಕ್ತದೊತ್ತಡವನ್ನು ಏರಿಸಿ ಪೊಟ್ಯಾಸಿಯಂ ಅಂಶವನ್ನು ತಗ್ಗಿಸಬಲ್ಲದು. ಅಶ್ವಗಂಧ ಅರಿವಳಿಕೆಯ ಮಂಪರನ್ನು ಹೆಚ್ಚಿಸಬಹುದು. ಇವೆಲ್ಲವನ್ನೂ ಎರಡು ವಾರ ಮೊದಲೇ ನಿಲ್ಲಿಸಿ, ಏನೇನು ಸೇವಿಸುತ್ತಿದ್ದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅರಿವಳಿಕೆ ವೈದ್ಯರಿಗೆ ಕೊಡಿ. ಒಗ್ಗರಣೆಗೆ ಹಾಕುವ ನಾಲ್ಕು ಎಸಳು ಬೆಳ್ಳುಳ್ಳಿ, ಸಾರಿನ ಅರಿಶಿನಗಳಿಗೆ ಇದು ಅನ್ವಯಿಸುವುದಿಲ್ಲ. ಹಾರ್ಮೋನ್ ಸಂಬಂಧಿತ ಕ್ಯಾನ್ಸರ್ ಇರುವವರು ಶತಾವರಿ, ಯಷ್ಟಿಮಧುಗಳಂಥ ಔಷಧಿಗಳನ್ನು ಕ್ಯಾನ್ಸರ್ ವೈದ್ಯರನ್ನು ಕೇಳದೆ ಯಾವ ಕಾಲಕ್ಕೂ ತೆಗೆದುಕೊಳ್ಳಬಾರದು. ಟಮಾಕ್ಸಿಫೆನ್, ಆಸ್ಪಿರಿನ್, ರಕ್ತ ತೆಳುಗೊಳಿಸುವ ಮಾತ್ರೆಗಳ ವಿಷಯ ಬೇರೆ. ಅವನ್ನು ತಾವಾಗಿ ನಿಲ್ಲಿಸದೆ, ಎಂದು ನಿಲ್ಲಿಸಬೇಕು, ಎಂದು ಮತ್ತೆ ಆರಂಭಿಸಬೇಕು ಎಂದು ಶಸ್ತ್ರವೈದ್ಯರಿಂದಲೇ ಬರೆಸಿಕೊಳ್ಳಿ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ರಕ್ತಹೀನತೆಯಿದ್ದರೆ ಸರಿಪಡಿಸಿಕೊಳ್ಳಬೇಕು. ಈ ಪರೀಕ್ಷೆಗಳು ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತವೆ.

ಮನೆಯ ಸಿದ್ಧತೆಯನ್ನು ಮುಂಚಿತವಾಗಿಯೇ ಮಾಡಿಕೊಳ್ಳುವುದು ಲೇಸು. ನೆಲದ ಹಾಸಿಗೆಯಿಂದ ಏಳುವುದು ಕಷ್ಟವಾದ್ದರಿಂದ ಮಂಚ ಬೇಕು. ಹೊಟ್ಟೆಯ ಮಾಂಸ ಬಳಸುವುದಾದರೆ ಕುಕ್ಕರುಗಾಲಿನಲ್ಲಿ ಕೂರುವ ಶೌಚಾಲಯ ಕೆಲವು ವಾರ ಆಗದು. ಕುರ್ಚಿಯಂಥ ಕಮೋಡನ್ನು ತಂದಿಟ್ಟುಕೊಳ್ಳಿ. ಅಟ್ಟದ ಮೇಲಿನ ಡಬ್ಬಗಳನ್ನು ಸೊಂಟದ ಎತ್ತರಕ್ಕೆ ಇಳಿಸಿ. ಮುಂದೆ ಗುಂಡಿಯಿರುವ ಸಡಿಲವಾದ ಹತ್ತಿಯ ರವಿಕೆ ಅಥವಾ ನೈಟಿ ನಾಲ್ಕಾರು ಇರಲಿ. ಗಾಯದ ದ್ರವ ಹೊರಹೋಗಲು ಹಾಕುವ ಡ್ರೈನ್ ಕೊಳವೆಯ ಪುಟ್ಟ ಡಬ್ಬಿಯನ್ನು ಇಟ್ಟುಕೊಳ್ಳಲು ಒಂದು ಬಟ್ಟೆಯ ಚೀಲ ಹೊಲಿದಿಟ್ಟರೆ ಬಹಳ ಅನುಕೂಲ.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಹೊಟ್ಟೆ ಖಾಲಿಯಿರಬೇಕು. ತೀರ್ಥಪ್ರಸಾದವೆಂದು ಪ್ರೀತಿಯಿಂದ ಕೊಟ್ಟ ಒಂದು ಬಾಳೆಹಣ್ಣು ತಿಂದರೂ ಅರಿವಳಿಕೆ ಕೊಡುವಂತಿಲ್ಲ, ಶಸ್ತ್ರಕ್ರಿಯೆ ಮುಂದಕ್ಕೆ ಹೋಗುತ್ತದೆ. ಪ್ರಸಾದವನ್ನು ಜೊತೆಯವರು ಸ್ವೀಕರಿಸಲಿ.

ಇಷ್ಟಲಿಂಗ ಧಾರಣೆಯ ವಿಚಾರ

ಇದನ್ನು ಯಾವ ಆಸ್ಪತ್ರೆಯ ಕೈಪಿಡಿಯೂ ಹೇಳುವುದಿಲ್ಲ; ಆದ್ದರಿಂದ ನಾವೇ ಹೇಳಿಕೊಳ್ಳಬೇಕು. ಶಸ್ತ್ರಚಿಕಿತ್ಸಾ ಕೊಠಡಿಗೆ ಹೋಗುವಾಗ ತಾಳಿ, ಬಳೆ, ಕಾಲುಂಗುರಗಳನ್ನು ತೆಗೆಸುವಂತೆ ಬೆಳ್ಳಿಯ ಕರಡಿಗೆಯನ್ನೂ ಶಿವದಾರವನ್ನೂ ತೆಗೆಯಿರಿ ಎನ್ನುತ್ತಾರೆ. ದೀಕ್ಷೆ ಪಡೆದಂದಿನಿಂದ ಲಿಂಗವನ್ನು ಅಗಲದ ತಾಯಿಗೆ ಅದು ಶಸ್ತ್ರಚಿಕಿತ್ಸೆಗಿಂತ ದೊಡ್ಡ ಆಘಾತ. ಕೊನೆಯ ಗಳಿಗೆಯಲ್ಲಿ ಶುಶ್ರೂಷಕಿಯೊಡನೆ ವಾದಕ್ಕಿಳಿಯುವ ಬದಲು, ದಿನ ನಿಗದಿಯಾದ ಕೂಡಲೇ ಶ್ರೀಮಠಕ್ಕೆ ಬಂದು ಗುರುಗಳ ಅಪ್ಪಣೆ ಪಡೆಯಿರಿ; ಆ ಹೊತ್ತಿನಲ್ಲಿ ಲಿಂಗವನ್ನು ಮನೆಯ ಯಾರು, ಹೇಗೆ ಕಾಪಿಡಬೇಕೆಂದು ಅವರು ತಿಳಿಸುತ್ತಾರೆ.

ಶಸ್ತ್ರಚಿಕಿತ್ಸೆಯ ಅನಂತರದ್ದು ಇನ್ನೂ ಮುಖ್ಯ. ಹೊಟ್ಟೆಯ ಮಾಂಸವನ್ನು ಬೇರ್ಪಡಿಸಿ ಜೋಡಿಸಿದಾಗ ಅದರ ಜೀವನಾಡಿ ಸೇರುವುದು ಎದೆಮೂಳೆಯ ಪಕ್ಕದಲ್ಲಿ. ಕರಡಿಗೆ ಬಂದು ಕೂರುವುದೂ ಹೆಚ್ಚುಕಡಮೆ ಅದೇ ಜಾಗಕ್ಕೆ. ಬೆನ್ನಿನ ಸ್ನಾಯುವನ್ನು ತಂದಿದ್ದರೆ ನಾಳವಿರುವುದು ಕಂಕುಳಿನಲ್ಲಿ. ಬಿಗಿಯಾದ ರವಿಕೆಯ ತೋಳು ಅಥವಾ ಕಂಕುಳಡಿಯಲ್ಲಿ ಹಾದುಹೋಗುವ ದಾರ ಅದನ್ನು ಒತ್ತಬಹುದು. ಆದ್ದರಿಂದ ಕನಿಷ್ಠ ಆರು ವಾರ ಎದೆಯ ಮೇಲೆ ಕರಡಿಗೆ ತೂಗುವುದು ಬೇಡ. ಕಂಠ, ಶಿರಸ್ಸು, ಕರಸ್ಥಳಗಳಲ್ಲಿ ಧರಿಸುವ ಕ್ರಮಗಳೂ ನಮ್ಮ ಪರಂಪರೆಯಲ್ಲಿವೆ. ಲೋಹದ ಕರಡಿಗೆಯ ಬದಲು ಮೆತ್ತನೆಯ ವಸ್ತ್ರವನ್ನೂ ಬಳಸಬಹುದು. ಯಾವುದು ಯುಕ್ತವೆಂಬುದನ್ನು ಗುರುಗಳು ನಿರ್ಣಯಿಸಲಿ, ಯಾವ ಜಾಗಕ್ಕೆ ಒತ್ತಡ ಬೀಳಬಾರದೆಂಬುದನ್ನು ಶಸ್ತ್ರವೈದ್ಯರು ತೋರಿಸಲಿ. ಪೂಜೆಗೆ ಕೂರುವಾಗ ಎಡಗೈಯನ್ನು ಬಹಳ ಹೊತ್ತು ಎತ್ತಿ ಹಿಡಿಯುವುದರಿಂದ, ಎಡಭಾಗದ ಶಸ್ತ್ರಚಿಕಿತ್ಸೆಯಾದವರು ಮೊಣಕೈಯ ಕೆಳಗೆ ಒಂದು ದಿಂಬು ಇಟ್ಟುಕೊಳ್ಳಿ. ವಿಭೂತಿಯನ್ನು ಹಣೆಗೆ ಧರಿಸಿ. ಹೊಲಿಗೆ ಪೂರ್ಣ ಮಾಯುವವರೆಗೆ ಎದೆಗೆ ಹಚ್ಚುವುದು ಬೇಡ.

ಶಾಖ, ಎಣ್ಣೆ, ಕಟ್ಟು

ಫ್ಲಾಪ್ ಶಸ್ತ್ರಚಿಕಿತ್ಸೆಯಾದ ಮೊದಲ ಎರಡು ಮೂರು ದಿನ ಶುಶ್ರೂಷಕಿಯರು ಹಗಲಿರುಳು ಮತ್ತೆ ಮತ್ತೆ ಬಂದು ಹೊಸ ಸ್ತನದ ಬಣ್ಣ, ಬಿಸುಪು ನೋಡುತ್ತಾರೆ. ಬೆರಳಿನಿಂದ ಒತ್ತಿ ರಕ್ತ ಮರಳುವುದನ್ನು ಗಮನಿಸುತ್ತಾರೆ. ನಿದ್ದೆ ಕೆಡುತ್ತದೆಂದು ಬೇಸರಿಸಬಾರದು. ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಕೆಲವು ಗಂಟೆಗಳೊಳಗೆ ಮತ್ತೆ ತೆರೆದು ಸರಿಪಡಿಸಿದರಷ್ಟೇ ಆ ಮಾಂಸ ಉಳಿಯುತ್ತದೆ. ಇಂಪ್ಲಾಂಟ್ ಆದವರು ಒಂದೆರಡು ದಿನದಲ್ಲಿ, ಫ್ಲಾಪ್ ಆದವರು ಸುಮಾರು ಒಂದು ವಾರದಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾಗುತ್ತಾರೆ. ಆದರೆ ಅಂದೇ ಊರಿಗೆ ಹೊರಡುವ ಆತುರ ಬೇಡ. ಡ್ರೈನ್ ತೆಗೆಯುವವರೆಗೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬಂಧುಗಳ ಮನೆಯಲ್ಲಿರುವುದು ಉತ್ತಮ. ಕಿದ್ವಾಯಿ ಆಸ್ಪತ್ರೆಗೆ ಹೋದವರಿಗೆ ಅಲ್ಲಿ ಧರ್ಮಶಾಲೆಯೂ ಇದೆ. ಹೊರಡುವಾಗ ಹೊಳೆನರಸೀಪುರ, ಚನ್ನರಾಯಪಟ್ಟಣದವರಿಗೆ ರೈಲಿದೆ. ಅರಕಲಗೂಡಿನವರಿಗೆ ಅದಿಲ್ಲ, ಬಸ್ಸಿನ ಕುಲುಕಾಟಕ್ಕಿಂತ ಕಾರು ಲೇಸು. ಸೀಟ್ ಬೆಲ್ಟ್ ಕಟ್ಟಿಕೊಂಡು ಅದರ ಕೆಳಗೆ ಚಿಕ್ಕ ಮೆತ್ತೆ ಇಟ್ಟುಕೊಳ್ಳಿ, ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ.

ಇನ್ನು ಮನೆ. ನಮ್ಮ ಸೀಮೆಯಲ್ಲಿ ಹೆಣ್ಣುಮಗಳ ಆರೈಕೆ ಎಂದರೆ ಬಾಣಂತನದ ಮಾದರಿಯೇ: ಮೈಗೆ ಎಣ್ಣೆ, ಹಂಡೆಯ ಕುದಿನೀರು, ಕೆಂಡದ ಶಾಖ, ಸಾಂಬ್ರಾಣಿ ಹೊಗೆ, ಹೊಟ್ಟೆಗೆ ಬಿಗಿಯಾದ ಬಟ್ಟೆಯ ಕಟ್ಟು. ತಾಯಂದಿರು, ಅತ್ತೆಯರು ಇದನ್ನೆಲ್ಲ ಪ್ರೀತಿಯಿಂದಲೇ ಮಾಡುತ್ತಾರೆ. ಈ ಶಸ್ತ್ರಚಿಕಿತ್ಸೆಯಾದವರಿಗೆ ಇವುಗಳಲ್ಲಿ ಒಂದೂ ಸಲ್ಲದು.

ಕಾರಣ ಇಷ್ಟೇ. ಹೊಸ ಸ್ತನಕ್ಕೆ ರಕ್ತ ಬರುತ್ತದೆ, ಸ್ಪರ್ಶ ಬರುವುದಿಲ್ಲ. ಸ್ತನವನ್ನು ತೆಗೆಯುವಾಗ ಚರ್ಮದ ಸಣ್ಣ ನರಗಳು ತುಂಡಾಗಿರುತ್ತವೆ. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ಸ್ವಲ್ಪ ಸಂವೇದನೆ ಮರಳಬಹುದು; ಪೂರ್ತಿ ಮರಳುವುದು ಅಪರೂಪ. ಬಿಸಿ ಮುಟ್ಟಿದರೆ ಕೈ ಹಿಂದಕ್ಕೆ ಬರುವಂತೆ ಇಲ್ಲಿ ದೇಹ ಎಚ್ಚರಿಸುವುದಿಲ್ಲ. ಬಿಸಿನೀರಿನ ಚೀಲವನ್ನೋ ಕಾಯಿಸಿದ ಉಪ್ಪಿನ ಗಂಟನ್ನೋ ಇಟ್ಟಾಗ ಅವಳಿಗೆ "ಹಿತವಾಗಿದೆ" ಎನಿಸುವುದೂ ಇಲ್ಲ, "ಸುಡುತ್ತಿದೆ" ಎನಿಸುವುದೂ ಇಲ್ಲ. ಸಂಜೆ ರವಿಕೆ ಬಿಚ್ಚಿದಾಗ ಬೊಬ್ಬೆ ಎದ್ದಿರುತ್ತದೆ. ರಕ್ತಸಂಚಾರ ಇನ್ನೂ ಬಲಿಯದ ಚರ್ಮದಲ್ಲಿ ಆದ ಸುಟ್ಟಗಾಯ ಮಾಯುವುದು ಬಹಳ ನಿಧಾನ. ಹೊಟ್ಟೆಯ ಹೊಲಿಗೆಯ ಸುತ್ತಲಿನ ಚರ್ಮಕ್ಕೂ ಬೆನ್ನಿನ ಗಾಯದ ಸುತ್ತಲಿಗೂ ಇದೇ ಮಾತು. ಮಂಜುಗಡ್ಡೆ ಇಡುವುದೂ ಅಷ್ಟೇ ಕೆಟ್ಟದ್ದು. ಶೀತಕ್ಕೆ ನಾಳ ಮುದುಡುತ್ತದೆ. ಸ್ನಾನಕ್ಕೆ ವೈದ್ಯರು ಅನುಮತಿಸಿದ ಮೇಲೆ ಉಗುರುಬೆಚ್ಚನೆಯ ನೀರು ಸಾಕು. ನೀರಿನ ಹದವನ್ನು ಶಸ್ತ್ರಚಿಕಿತ್ಸೆಯಾಗದ ಕಡೆಯ ಕೈಯಿಂದ ಮುಟ್ಟಿ ನೋಡಿಕೊಳ್ಳಿ. ಒಲೆಯ ಮುಂದೆ ಬಗ್ಗಿ ಕೂರುವವರು ಈ ಮಾತನ್ನು ವರ್ಷಗಳ ಕಾಲ ಮರೆಯಬಾರದು.

ಹೊಟ್ಟೆಗೆ ಸೀರೆಯ ಕಟ್ಟು ಕಟ್ಟುವುದು ಇನ್ನೊಂದು ಅಪಾಯ. ಕೆಲವು ವಿಧಾನಗಳಲ್ಲಿ ರಕ್ತನಾಳ ಹೊಟ್ಟೆಯ ಮೇಲ್ಭಾಗದಿಂದ ಎದೆಗೆ ಏರಿಹೋಗಿರುತ್ತದೆ. ಅದರ ಮೇಲೆ ಬಿಗಿಯಾಗಿ ಕಟ್ಟಿದರೆ ಮಾಂಸಕ್ಕೆ ಅನ್ನ ನೀರು ನಿಲ್ಲಿಸಿದಂತೆ. ಆಸ್ಪತ್ರೆಯವರು ಕೊಟ್ಟ ಪಟ್ಟಿ ಅಥವಾ ಒಳಉಡುಪನ್ನು ಬಿಟ್ಟು ಬೇರೇನನ್ನೂ ಕಟ್ಟಬೇಡಿ. ಎಣ್ಣೆ, ಸೊಪ್ಪಿನ ರಸ, ಅರಿಶಿನದ ಲೇಪಗಳು ಹೊಲಿಗೆಗೆ ಬೇಡವೇ ಬೇಡ. ವ್ರಣಕ್ಕೆ ಅರವತ್ತು ಉಪಕ್ರಮಗಳನ್ನು ಹೇಳಿದ ಸುಶ್ರುತರಿಗೆ ಯಾವ ವ್ರಣಕ್ಕೆ ಯಾವುದು ಎಂಬ ವಿವೇಕವೂ ಇತ್ತು. ಶುದ್ಧವಾಗಿ ಹೊಲಿದು ಮುಚ್ಚಿದ ಗಾಯಕ್ಕೆ ಬೇಕಾದದ್ದು ಶುಚಿತ್ವ, ಸುಮ್ಮನೆ ಬಿಡುವುದು. ಗಾಯ ಪೂರ್ತಿ ಮಾಯ್ದು, ಆರರಿಂದ ಎಂಟು ವಾರ ಕಳೆದು, ಶಸ್ತ್ರವೈದ್ಯರು ಒಪ್ಪಿದ ಮೇಲೆ ಗೆರೆಯ ಮೇಲೆ ಬೆರಳ ತುದಿಯಿಂದ ಶುದ್ಧ ಕೊಬ್ಬರಿ ಎಣ್ಣೆ ಸವರಿ ಮೃದುವಾಗಿ ತಿಕ್ಕಬಹುದು. ಅದಕ್ಕೆ ಚನ್ನರಾಯಪಟ್ಟಣದ ಕಡೆಯ ಗಾಣದ ಎಣ್ಣೆಯೇ ಸಾಕು, ದುಬಾರಿ ತೈಲ ಬೇಕಿಲ್ಲ. ಪಂಚಕರ್ಮದ ಮಾತನ್ನು ಕಿಮೊಥೆರಪಿ, ವಿಕಿರಣ ಎಲ್ಲ ಮುಗಿದು ಕ್ಯಾನ್ಸರ್ ವೈದ್ಯರು ಅನುಮತಿಸುವವರೆಗೆ ಎತ್ತಬೇಡಿ.

ಪಥ್ಯ

ಇಲ್ಲಿ ನನ್ನ ಶಾಸ್ತ್ರದೊಡನೆಯೇ ಸ್ವಲ್ಪ ಸಂವಾದ ಮಾಡಬೇಕಾಗಿದೆ. ಸೂತ್ರಸ್ಥಾನದ 19ನೇ ಅಧ್ಯಾಯವಾದ ವ್ರಣಿತೋಪಾಸನೀಯದಲ್ಲಿ ಗಾಯಾಳುವಿನ ಮನೆ, ಹಾಸಿಗೆ, ಆಹಾರಗಳ ವಿಚಾರ ವಿವರವಾಗಿದೆ. ಪ್ರಿಯ ಮಾತುಗಳನ್ನಾಡುವ ಸ್ನೇಹಿತರು ಬಳಿಯಿರಬೇಕೆಂದೂ ಅಲ್ಲಿ ಹೇಳಿದೆ; ನೋಡಲು ಬಂದು ಕ್ಯಾನ್ಸರಿನಿಂದ ಸತ್ತವರ ಕಥೆ ಹೇಳುವ ನೆಂಟರು ಇದನ್ನು ಗಮನಿಸಬೇಕು. ಅದೇ ಅಧ್ಯಾಯ ಹೊಸ ಧಾನ್ಯ, ಉದ್ದು, ಎಳ್ಳು, ಹುರುಳಿ, ಅವರೆ, ಮೊಸರು, ಹಾಲು, ಮಜ್ಜಿಗೆಗಳನ್ನು ಬಿಡಬೇಕೆನ್ನುತ್ತದೆ. ನಮ್ಮ ಹಳ್ಳಿಗಳ "ನಂಜು" ಎಂಬ ಭಾವನೆಗೆ ಇದೂ ಒಂದು ಬೇರು. ಇದನ್ನು ಅಕ್ಷರಶಃ ಪಾಲಿಸಿದರೆ ಶಾಕಾಹಾರಿಯಾದ ಲಿಂಗಾಯತ ತಾಯಿಗೆ ಉಳಿಯುವುದು ಗಂಜಿ, ತಿಳಿಸಾರು ಮಾತ್ರ. ಆದರೆ ಅದೇ ಆಚಾರ್ಯರು ಹಳೆಯ ಅಕ್ಕಿಯ ಅನ್ನ, ತುಪ್ಪ, ಹೆಸರುಬೇಳೆಯ ಕಟ್ಟು, ದಾಳಿಂಬೆ, ನೆಲ್ಲಿಗಳನ್ನು ಹಿತವೆಂದಿದ್ದಾರೆ, ಮಾಂಸರಸವನ್ನೂ ಹೇಳಿದ್ದಾರೆ. ರೋಗಿ ಬಲಗುಂದಬೇಕೆಂಬುದು ಅವರ ಅಭಿಪ್ರಾಯವಲ್ಲ. ಕೀವುಗಟ್ಟುವ ತೆರೆದ ಗಾಯ, ಮಂದವಾದ ಜಠರಾಗ್ನಿಗಳನ್ನು ಕಂಡು ಹೇಳಿದ ನಿಷೇಧವನ್ನು ಇಂದಿನ ಶುದ್ಧ ಗಾಯಕ್ಕೆ ಹಾಗೆಯೇ ಅನ್ವಯಿಸಬಾರದೆಂಬುದು ನನ್ನ ಅಭಿಮತ.

ಗಾಯ ಕೂಡಲು ಪ್ರೋಟೀನ್ ಬೇಕು. ದೊಡ್ಡ ಶಸ್ತ್ರಚಿಕಿತ್ಸೆಯ ಹಿಂದುಮುಂದೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಎಂಬುದು ಇಂದಿನ ಲೆಕ್ಕ. 55 ಕಿಲೋ ತೂಕದ ತಾಯಿಗೆ 66ರಿಂದ 82 ಗ್ರಾಂ ಆಯಿತು. 200 ಗ್ರಾಂ ರಾಗಿಹಿಟ್ಟಿನ ಎರಡು ಮುದ್ದೆಯಲ್ಲಿ ಸಿಗುವುದು ಸುಮಾರು 14 ಗ್ರಾಂ. ಮುದ್ದೆ, ಸೊಪ್ಪಿನ ಸಾರಿನಿಂದ ಈ ಲೆಕ್ಕ ತುಂಬದು. 100 ಗ್ರಾಂ ಹೆಸರುಕಾಳಿನಲ್ಲಿ ಸುಮಾರು 23 ಗ್ರಾಂ, ಹುರುಳಿಯಲ್ಲಿ 22 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ 16 ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7 ಗ್ರಾಂ ಪ್ರೋಟೀನ್ ಇದೆ. ಮೊದಲ ನಾಲ್ಕೈದು ದಿನ ಹಸಿವು ಮಂದವಿರುವಾಗ ಹೆಸರುಬೇಳೆಯ ತೊವ್ವೆ, ಮೆತ್ತನೆಯ ಅನ್ನ, ತುಪ್ಪ, ಹಾಲು. ಹಸಿವು ಮರಳಿದ ಮೇಲೆ ಮೊಳಕೆ ಹುರುಳಿಯ ಸಾರು, ಅವರೆ, ಮೊಸರು, ಪನೀರ್ ಎಲ್ಲವೂ ಬರಲಿ. ಬದನೆ, ಕುಂಬಳಗಳ ಬಗ್ಗೆ ಜಗಳ ಬೇಡ. ಅವನ್ನು ಬಿಟ್ಟರೆ ನಷ್ಟವಿಲ್ಲ, ಬೇಳೆಕಾಳು ಬಿಟ್ಟರೆ ನಷ್ಟವಿದೆ. ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ವೈದ್ಯರನ್ನು ಕೇಳಿ ಪ್ರಮಾಣ ನಿರ್ಧರಿಸಿಕೊಳ್ಳಬೇಕು. ಸೋಮವಾರದ ಒಪ್ಪತ್ತು, ಶ್ರಾವಣದ ಉಪವಾಸಗಳನ್ನು ಈ ಎರಡು ಮೂರು ತಿಂಗಳು ಮನೆಯ ಬೇರೆಯವರು ವಹಿಸಿಕೊಳ್ಳಲಿ. ನೋವಿನ ಮಾತ್ರೆಗಳಿಂದ ಮಲಬದ್ಧತೆಯಾಗುತ್ತದೆ. ಹೊಟ್ಟೆಯ ಹೊಲಿಗೆಯಿದ್ದಾಗ ಮುಕ್ಕುವುದು ಅಪಾಯ. ನೀರು, ಪಪ್ಪಾಯಿ, ನೆನೆಸಿದ ಒಣದ್ರಾಕ್ಷಿಗಳಿಂದ ಸರಿಹೋಗದಿದ್ದರೆ ವೈದ್ಯರಿಗೆ ತಿಳಿಸಿ.

ಕೈ, ಕೆಲಸ, ಎಚ್ಚರಿಕೆಯ ಲಕ್ಷಣಗಳು

ಡ್ರೈನ್‌ನಲ್ಲಿ ಬಂದ ದ್ರವವನ್ನು ದಿನವೂ ಅಳೆದು ಒಂದು ಪುಸ್ತಕದಲ್ಲಿ ಬರೆಯಿರಿ; ಸಾಮಾನ್ಯವಾಗಿ ದಿನಕ್ಕೆ 30 ಮಿಲಿಲೀಟರ್‌ಗಿಂತ ಕಡಮೆಯಾದಾಗ ತೆಗೆಯುತ್ತಾರೆ. ಬೆನ್ನ ಮೇಲೆ, ತಲೆಯ ಕಡೆ ಎತ್ತರವಾಗಿ ಮಲಗಬೇಕು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ಮೊಣಕಾಲಿನ ಕೆಳಗೂ ದಿಂಬಿಡಬೇಕು, ಮೊದಲ ವಾರ ಸ್ವಲ್ಪ ಬಾಗಿಯೇ ನಡೆಯಬೇಕು. ಆದರೆ ಮಲಗಿಯೇ ಇರಬಾರದು. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದು ನಡಿಗೆ.

ಆರು ವಾರ ಭಾರ ಎತ್ತುವಂತಿಲ್ಲ. ತುಂಬಿದ ಕೊಡಪಾನ, ಹಾಲಿನ ಕ್ಯಾನು, ಹುಲ್ಲಿನ ಹೊರೆ, ತೆಂಗಿನಕಾಯಿಯ ಕುಕ್ಕೆ ಇವು ಯಾರಿಗೂ ಹೊಳೆಯುತ್ತವೆ. ಹೊಳೆಯದಿರುವುದು ಮುದ್ದೆ ತಿರುವುವ ಕೆಲಸ. ಮುದ್ದೆಕೋಲನ್ನು ಹಿಡಿದು ತಿರುವುವಾಗ ಎದೆ, ಬೆನ್ನು, ಹೊಟ್ಟೆಯ ಸ್ನಾಯುಗಳೆಲ್ಲ ಒಮ್ಮೆಗೇ ಬಿಗಿಯುತ್ತವೆ. "ಇಡೀ ದಿನ ಮಲಗಿಸಿದ್ದೇವೆ, ಮುದ್ದೆಯೊಂದನ್ನು ಮಾತ್ರ ಅವಳೇ ಮಾಡುತ್ತಾಳೆ" ಎಂದು ಹೇಳಿದ ಮನೆಯನ್ನು ನಾನು ಕಂಡಿದ್ದೇನೆ. ಆರು ವಾರ ಮನೆಯ ಗಂಡಸರು ಮುದ್ದೆ ತಿರುವಲು ಕಲಿಯಲಿ. ಹಸು ಕರೆಯುವುದು, ಕಾಯಿ ತುರಿಯುವುದು, ಬಟ್ಟೆ ಹಿಂಡುವುದಕ್ಕೂ ಇದೇ ನಿಯಮ.

ಕೈಯನ್ನು ಅಲುಗಿಸದೆ ಕಟ್ಟಿಟ್ಟುಕೊಂಡರೆ ಹೆಗಲು ಹಿಡಿದುಕೊಳ್ಳುತ್ತದೆ. ವೈದ್ಯರು ಹೇಳಿದ ದಿನದಿಂದ ಗೋಡೆಯ ಮೇಲೆ ಬೆರಳು ನಡೆಸುತ್ತ ಕೈಯನ್ನು ದಿನಕ್ಕಿಷ್ಟು ಮೇಲೇರಿಸುವ ವ್ಯಾಯಾಮ ಮಾಡಬೇಕು. ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಿದ್ದರೆ ಆ ಕೈ ಮುಂದೆ ಎಂದಾದರೂ ಬಾತುಕೊಳ್ಳಬಹುದು. ಈಳಿಗೆಮಣೆಯ ಗಾಯ, ಮುಳ್ಳಿನ ಗೀರು, ಬೆಕ್ಕಿನ ಪರಚುಗಳನ್ನು ಉದಾಸೀನ ಮಾಡಬೇಡಿ. ಸೋಪಿನಿಂದ ತೊಳೆದು ಔಷಧ ಹಚ್ಚಿ. ಬಿಗಿಯಾದ ಬಳೆ ಆ ಕೈಗೆ ಬೇಡ. ಬಾವು ಕಂಡರೆ ಉಜ್ಜಿಸಿಕೊಳ್ಳಲು ಊರಿನ ಮಾಲೀಸಿನವರ ಬಳಿಗೆ ಹೋಗದೆ, ಅದಕ್ಕಾಗಿಯೇ ತರಬೇತಾದ ಫಿಸಿಯೋಥೆರಪಿಸ್ಟರನ್ನು ಕಾಣಿರಿ.

ಹೊಸ ಸ್ತನ ನೀಲಿ, ಕಪ್ಪು ಅಥವಾ ಬಿಳಿಚಿಕೊಂಡರೆ, ತಣ್ಣಗಾದರೆ, ಒಮ್ಮೆಗೇ ಊದಿಕೊಂಡರೆ, ಹೊಲಿಗೆಯಿಂದ ಕೀವು ಬಂದರೆ, ಜ್ವರ 100.4 ಡಿಗ್ರಿ ಮೀರಿದರೆ ಅಂದೇ ಶಸ್ತ್ರವೈದ್ಯರಿಗೆ ದೂರವಾಣಿ ಮಾಡಿ. ಮೀನಖಂಡ ನೋವಿನಿಂದ ಬಾತುಕೊಂಡರೆ, ಉಸಿರು ಕಟ್ಟಿದರೆ, ಎದೆ ನೋಯತೊಡಗಿದರೆ ಬೆಂಗಳೂರಿನವರೆಗೆ ಕಾಯದೆ 108ಕ್ಕೆ ಕರೆಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಿ.

ಯಜಮಾನರಿಗೆ ಒಂದು ಮಾತು. ಮೊದಲ ಬಾರಿ ಕಟ್ಟು ಬಿಚ್ಚಿದಾಗ ಕಾಣುವುದು ಬಾವು, ಹೊಲಿಗೆ, ಕಂದು ಗೆರೆಗಳು. ಮೊಲೆತೊಟ್ಟು ಇರುವುದಿಲ್ಲ, ಅದನ್ನು ಬೇಕೆಂದರೆ ತಿಂಗಳುಗಳ ನಂತರ ರೂಪಿಸುತ್ತಾರೆ. ಅವಳು ಅಳಬಹುದು. "ಇಷ್ಟು ಖರ್ಚು ಮಾಡಿಸಿ ಈಗ ಅಳುವುದೇಕೆ" ಎನ್ನಬೇಡಿ. ಮುಖ ತಿರುಗಿಸದೆ ಬಳಿ ಕುಳಿತುಕೊಳ್ಳಿ. ವಾರಗಟ್ಟಲೆ ನಿದ್ದೆ, ಊಟ ಬಿಟ್ಟು ಮಂಕಾಗಿದ್ದರೆ ಮನೋವೈದ್ಯರಿಗೆ ತೋರಿಸುವುದರಲ್ಲಿ ಸಂಕೋಚ ಬೇಡ.

ಖರ್ಚಿನ ವಿಚಾರ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ದೊರೆಯುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ನಮ್ಮ ಜಿಲ್ಲೆಯವರು ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹಾಲಿನ ಸಂಘ ಮೊದಲಾದ ಸಹಕಾರ ಸಂಘಗಳ ಸದಸ್ಯರಿಗೆ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿರುವ ಯಶಸ್ವಿನಿ ಯೋಜನೆಯೂ ಇದೆ. ಸ್ತನ ತೆಗೆಯುವ ಪ್ಯಾಕೇಜು ಬೇರೆ, ಪುನರ್ನಿರ್ಮಾಣದ್ದು ಬೇರೆ. ಎರಡನೆಯದೂ ಸೇರಿದೆಯೇ, ಇಂಪ್ಲಾಂಟ್‌ನ ಬೆಲೆ ಒಳಗೊಂಡಿದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ, ದಿನ ನಿಗದಿ ಮಾಡುವ ಮೊದಲೇ ಲಿಖಿತವಾಗಿ ಪಡೆಯಿರಿ.

ಪುನರ್ನಿರ್ಮಾಣವಾದ ಮೇಲೂ ಕ್ಯಾನ್ಸರಿನ ತಪಾಸಣೆ ನಿಲ್ಲುವುದಿಲ್ಲ. ಟಮಾಕ್ಸಿಫೆನ್ ಮುಂತಾದ ಮಾತ್ರೆಗಳನ್ನು ಹೇಳಿದಷ್ಟು ವರ್ಷ ಸೇವಿಸಬೇಕು. ಇನ್ನೊಂದು ಸ್ತನಕ್ಕೆ ವರ್ಷಕ್ಕೊಮ್ಮೆ ಮ್ಯಾಮೊಗ್ರಫಿ ಮಾಡಿಸಬೇಕು. ಹೊಸ ಸ್ತನದಲ್ಲಿ, ಗೆರೆಯ ಬಳಿ ಅಥವಾ ಕಂಕುಳಿನಲ್ಲಿ ಗಂಟು ಕೈಗೆ ಸಿಕ್ಕಿದರೆ ಅದು ಹಳೆಯ ಹೊಲಿಗೆಯ ಗಂಟೆಂದು ತಾವೇ ತೀರ್ಮಾನಿಸದೆ ತೋರಿಸಬೇಕು. ಆಸ್ಪತ್ರೆಯ ಬಿಡುಗಡೆ ಪತ್ರದ ಒಂದು ನಕಲನ್ನು ಮನೆಯಲ್ಲಿಡಿ. ಆಯುರ್ವೇದ ವೈದ್ಯರ ಬಳಿ ಹೋಗುವಾಗಲೂ, ಸಾಮಾನ್ಯ ಕೆಮ್ಮು ನೆಗಡಿಗೇ ಆದರೂ, ಅದನ್ನು ಜೊತೆಯಲ್ಲಿ ಒಯ್ಯಿರಿ.